ಮಾಳಿಗೆ ನಾಯಿಯನ್ನು ಬೀದಿಗೆ ಇಳಿಸಿದ್ದು

ಮೊದಲು ಖರ್ಚು ಹೇಳಿಬಿಡುತ್ತೇನೆ. ನಾಯಿ ಅಡ್ಡಾಡಿಸುವುದು ನನ್ನ ಕೆಲಸ ಅಂದ ಕೂಡಲೇ ಎಲ್ಲರೂ ಕೇಳುವುದು ಅದನ್ನೇ. ನಾನು ಹಾಕಿದ ಬಂಡವಾಳ ಸಾವಿರದ ಐವತ್ತು ರೂಪಾಯಿ. ಹೆಚ್ಚಿನ ಪಾಲು ಕಾಲಿಗೆ ಬೂಟು ತಗೊಳ್ಳಲು ಹೋಯಿತು. ಕಾಲುವೆ ದಂಡೆಯ ಮೇಲೆ ಚಪ್ಪಲಿ ಹಾಕಿಕೊಂಡು ನಾಯಿ ಹಿಂದೆ ನಡೆದರೆ ಚಪ್ಪಲಿ ಒಂದು ಕಡೆ, ನಾವು ಒಂದು ಕಡೆ ಬೀಳುತ್ತೇವೆ. ಉಳಿದದ್ದು ಹತ್ತಿ ನೂಲಿನ ಹಗ್ಗಕ್ಕೆ ಮತ್ತು ಎದೆಪಟ್ಟಿಗೆ. ಎದೆಪಟ್ಟಿಯನ್ನು ಎತ್ತಿಗೆ ಗೆಜ್ಜೆಪಟ್ಟಿ ಹೊಲಿಯುವವರ ಹತ್ತಿರ ಹೊಲಿಸಿದೆ. ನಾಯಿಗೆ ಪಟ್ಟಿ ಅಂದಾಗ ಅವರು ನಕ್ಕರು, ನಗುವಾಗಲೇ ನಾನು ರೇಟು ಇಳಿಸಿದೆ. ಕೊರಳಪಟ್ಟಿ ಇದಕ್ಕಿಂತ ಅಗ್ಗ ಸಿಗುತ್ತಿತ್ತು. ಆದರೆ ಕೊರಳು ಹಿಡಿದು ಜಗ್ಗಿದರೆ ನಾಯಿಗೆ ಉಸಿರು ಸಿಗುವುದಿಲ್ಲ. ಉಸಿರು ಸಿಗದ ಪ್ರಾಣಿ ಆ ಸಿಟ್ಟನ್ನು ಎದುರಿಗೆ ಬಂದವರ ಮೇಲೆ ತೀರಿಸಿಕೊಳ್ಳುತ್ತದೆ. ಅಲ್ಲಿ ಉಳಿಸಿದ ದುಡ್ಡು ಆಮೇಲೆ ಯಾರದೋ ಹರಿದ ಪ್ಯಾಂಟಿಗೆ ಹೋಗುತ್ತದೆ.

ಇದಕ್ಕೂ ಮೊದಲು ಇಪ್ಪತ್ತು ವರ್ಷಕ್ಕೂ ಮೇಲೆ ನಾನು ಭಾಂಡೆ ವ್ಯಾಪಾರ ಮಾಡಿದವಳು. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಸ್ಟೀಲಿನ ತಾಟು, ಚರಿಗೆ, ಡಬ್ಬಿ. ಬಗಲಲ್ಲಿ ಹಳೆ ಬಟ್ಟೆಯ ಗಂಟು. ಹಳೆ ಸೀರೆ ಕೊಟ್ಟರೆ ಹೊಸ ಪಾತ್ರೆ ಕೊಡುವ ವ್ಯಾಪಾರ ಅದು. ಮನೆ ಗಂಗಾವತಿಯಲ್ಲಿದ್ದರೂ ಬಸ್ಸು ಹತ್ತಿ ಕೊಪ್ಪಳಕ್ಕೂ ಹೋಗುತ್ತಿದ್ದೆ, ಕುಷ್ಟಗಿಗೂ ಹೋಗುತ್ತಿದ್ದೆ, ಯಲಬುರ್ಗಾ ಕಡೆಯ ಹಳ್ಳಿಗಳಿಗೂ ಹೋಗುತ್ತಿದ್ದೆ. ಸೀರೆಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಎಷ್ಟು ಸಲ ಒಗೆದದ್ದು ಅಂತ ಗೊತ್ತಾಗುತ್ತದೆ. ಕೊಡುವವಳ ಮುಖ ನೋಡಿದರೆ ಅವಳಿಗೆ ಯಾವ ಡಬ್ಬಿಯ ಮೇಲೆ ಮನಸ್ಸು ಬಂದಿದೆ ಅಂತ ಗೊತ್ತಾಗುತ್ತದೆ. ಎರಡೂ ಗೊತ್ತಾದ ಮೇಲೆ ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡು ನಾಲ್ಕು ಹೆಜ್ಜೆ ಹೋಗಬೇಕು. ಹಿಂದಿನಿಂದ ಕರೆಯುತ್ತಾರೆ. ನನ್ನ ವಿದ್ಯೆ ಇಷ್ಟೇ.

ಓಣಿ ಓಣಿ ತಿರುಗುವವರಿಗೆ ನಾಯಿಗಳ ಪರಿಚಯ ತಾನಾಗಿಯೇ ಆಗುತ್ತದೆ. ಕಲ್ಲು ಎತ್ತಿದರೆ ಹೆಚ್ಚು ಬರುತ್ತವೆ, ಓಡಿದರೆ ಇನ್ನೂ ಹೆಚ್ಚು. ನಿಂತು, ಪಕ್ಕಕ್ಕೆ ತಿರುಗಿ, ಬೇರೆ ಏನೋ ಕೆಲಸ ಇರುವವರಂತೆ ಮುಖ ಮಾಡಿದರೆ ಅವೂ ಬೇರೆ ಕೆಲಸ ಹುಡುಕಿಕೊಳ್ಳುತ್ತವೆ.

ಆಮೇಲೆ ಕಾಲ ತಿರುಗಿತು. ಹಳೆ ಸೀರೆಗೆ ಬೆಲೆ ಇಳಿಯಿತು, ಪಾತ್ರೆಗಳು ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಬಾಗಿಲಿಗೆ ಬರತೊಡಗಿದವು. ಒಂದು ದಿನ ಹೊಸ ಬಡಾವಣೆಯಲ್ಲಿ, ವರ್ಗವಾಗಿ ಬಂದಿದ್ದ ನೌಕರದಾರರ ಮನೆಯ ಹೆಣ್ಣುಮಗಳೊಬ್ಬಳನ್ನು ಅವಳ ನಾಯಿ ರಸ್ತೆ ತುಂಬ ಎಳೆದಾಡುತ್ತಿತ್ತು. ನಾಯಿ ಅಂದರೆ ಕರುವಿನಷ್ಟು ದೊಡ್ಡದು. ನಾನು ಬುಟ್ಟಿ ಇಳಿಸಿ, "ಯವ್ವಾ, ಯಾರು ಯಾರನ್ನ ಅಡ್ಡಾಡಿಸಾಕ ಹತ್ತೀರಿ?" ಅಂದೆ. ಅವಳಿಗೆ ಅಳುವಿನಲ್ಲೂ ನಗು ಬಂತು. ಹಗ್ಗ ಇಸಿದುಕೊಂಡು, ಅದು ಜಗ್ಗಿದಾಗಲೆಲ್ಲ ನಿಂತು, ಹಗ್ಗ ಸಡಿಲಾದಾಗ ಮಾತ್ರ ನಡೆದೆ. ಓಣಿಯ ತುದಿ ಮುಟ್ಟಿ ಬರುವುದಕ್ಕೆ ಭಾಳ ಹೊತ್ತು ಹಿಡಿಯಿತು, ಆದರೆ ಬರುವಾಗ ನಾಯಿ ನನ್ನ ಮೊಣಕಾಲಿನ ಪಕ್ಕದಲ್ಲಿತ್ತು. ಮರುದಿನ ಅವಳೇ ಕರೆದು ತಿಂಗಳಿಗೆ ಏನು ತಗೋತೀರಿ ಅಂದಳು. ಹಾಗೆ ಶುರುವಾದದ್ದು. ರೈಸ್ ಮಿಲ್ಲಿನವರೊಬ್ಬರು ತಮ್ಮ ಕೊಬ್ಬಿದ ನಾಯಿ ಕೊಟ್ಟರು, ದನದ ದವಾಖಾನೆಯಲ್ಲಿ ಪರಿಚಯದವರು ಇನ್ನೆರಡು ಮನೆ ಹೇಳಿದರು.

ನಮ್ಮ ಓಣಿಯ ಕಟ್ಟೆಯ ಮೇಲೆ ಕೂರುವ ಮುದುಕ ಮಾತ್ರ ದಿನಾ ಮುಂಜಾನೆ ಕೇಳುತ್ತಿದ್ದ, ಏನವಾ, ನಾಯಿ ಮೇಯಿಸಾಕ ಹೊಂಟಿ, ಅದರ ಬದಲಿ ಆಡು ಮೇಯಿಸಿದ್ದರ ಹಾಲಾದರೂ ಕೊಡ್ತಿತ್ತಲ್ಲ ಅಂತ. ಆಡು ಹಾಲು ಕೊಡ್ತೈತಿ, ಪಗಾರ ಕೊಡೂದಿಲ್ಲ ಅಂತ ನಾನು ಹೇಳಿ ಮುಂದೆ ಹೋಗುತ್ತಿದ್ದೆ.

ಈಗ ಹೇಳಬೇಕಾದ ನಾಯಿಯ ಮಾತಿಗೆ ಬರುತ್ತೇನೆ.

ಹಳೆ ಊರಿನ ಒಂದು ಓಣಿಯಲ್ಲಿ, ಮೇಲಂತಸ್ತಿನ ಎರಡು ಖೋಲಿಯಲ್ಲಿ ಬಾಡಿಗೆಗೆ ಇದ್ದ ಹೆಣ್ಣುಮಗಳೊಬ್ಬಳು ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಖಾನಾವಳಿಗಳಿಗೆ ಕಟ್ಟು ಕಟ್ಟಿ ಕಳಿಸುತ್ತಿದ್ದಳು. ಗಂಡ ಲಾರಿ ಓಡಿಸುತ್ತಿದ್ದ. ವಾರಗಟ್ಟಲೆ ಊರಲ್ಲಿ ಇರುತ್ತಿರಲಿಲ್ಲ. ಅವನೇ ಎಲ್ಲೋ ಧಾಬಾದಿಂದ ಒಂದು ಮರಿ ತಂದು ಕೊಟ್ಟಿದ್ದ. ಬೆಳೆದ ಮೇಲೆ ನೋಡಿದರೆ ಉದ್ದ ಕಾಲು, ಸಣ್ಣ ಸೊಂಟ, ಕಂದು ಬಣ್ಣ. ಮುಧೋಳ ಬೇಟೆ ನಾಯಿಯ ರಕ್ತ ಎಲ್ಲೋ ಸೇರಿರಬೇಕು. ಇಂಥ ನಾಯಿಯನ್ನು ಅವರು ಮಾಳಿಗೆಯ ಮೇಲೆ ಬೆಳೆಸಿದ್ದರು. ನಮ್ಮ ಕಡೆ ಅದು ರೂಢಿ. ಮಾಳಿಗೆ ಖಾಲಿ ಇರುತ್ತದೆ, ನೆರಳಿಗೆ ಒಂದು ತಗಡು, ಒಂದು ನೀರಿನ ಬೋಗುಣಿ ಇಟ್ಟರೆ ಮುಗಿಯಿತು. ನಾಯಿ ಮೇಲಿಂದ ಬೊಗಳುತ್ತದೆ, ಮನೆ ಕಾಯುತ್ತದೆ ಅಂತ ಎಲ್ಲರ ಲೆಕ್ಕ.

ಆ ನಾಯಿ ನನಗೆ ಮೊದಲೇ ಗೊತ್ತಿತ್ತು. ಭಾಂಡೆ ಬುಟ್ಟಿ ಹೊತ್ತು ಆ ಓಣಿಗೆ ಹೊಕ್ಕರೆ ಸಾಕು, ಗೋಡೆಯ ಮೇಲೆ ಮುಂಗಾಲು ಇಟ್ಟು ಓಣಿ ಹಾರಿಹೋಗುವಂತೆ ಕೂಗುತ್ತಿತ್ತು. ಆ ಗದ್ದಲದಲ್ಲಿ ಯಾರ ಜೊತೆ ಚೌಕಾಸಿ ಮಾಡುವುದು? ನಾನು ಅಲ್ಲಿ ನಿಲ್ಲದೆ ಮುಂದಿನ ಓಣಿಗೆ ಹೋಗಿಬಿಡುತ್ತಿದ್ದೆ.

ಸಂಕ್ರಾಂತಿ ಆದ ಮೇಲೆ ಒಂದು ದಿನ ಆಕೆ ನನ್ನನ್ನು ಕರೆಸಿದಳು. ಮನೆಯ ಮಾಲಕರು ಮಾಳಿಗೆಯ ಮೇಲೆ ಇನ್ನೊಂದು ಅಂತಸ್ತು ಎತ್ತುತ್ತಾರೆ, ಖಾಲಿ ಮಾಡಿ ಅಂದಿದ್ದಾರೆ ಅಂತ ಹೇಳಿದಳು. ಸಿಕ್ಕಿರುವ ಹೊಸ ಮನೆ ತಗಡಿನ ಮನೆ, ಬಾಗಿಲು ಸೀದಾ ಬಜಾರದ ಓಣಿಗೆ ತೆರೆಯುತ್ತದೆ. ಯುಗಾದಿಗೆ ಅಲ್ಲಿ ಹಾಲು ಉಕ್ಕಿಸಬೇಕು. ನಾಯಿಯನ್ನು ಇಡಲು ಮಾಳಿಗೆ ಇಲ್ಲ. ರೊಟ್ಟಿಗೆ ಬರುವವರು ಹೊಸ್ತಿಲಿಗೇ ಬರುತ್ತಾರೆ, ಇದು ಯಾರ ಮೇಲಾದರೂ ಹಾರಿದರೆ ವ್ಯಾಪಾರವೂ ಹೋಯಿತು, ಮಾನವೂ ಹೋಯಿತು. ಗಂಡನ ಅಣ್ಣ ಹುಲಿಹೈದರ ಹಳ್ಳಿಯಲ್ಲಿದ್ದಾನೆ, ಅವನ ಹೊಲದಲ್ಲಿ ಕಟ್ಟಿಬಿಡೋಣ ಅನ್ನುವುದು ಗಂಡನ ಮಾತು.

"ಆ ಹೊಲದಾಗ ಮೊದಲೊಂದು ನಾಯಿ ಇತ್ತಕ್ಕಾ," ಅಂದಳು. "ಮೋಟಾರ್ ಖೋಲಿಗೆ ಕಟ್ಟಿದ್ರು. ಸರಪಳಿ ಎಷ್ಟು ಉದ್ದ ಐತೋ ಅಷ್ಟೇ ತಿರುಗಿ ತಿರುಗಿ, ನೆಲಾ ಒಳಕಲ್ಲಿನಂಗ ದುಂಡಗ ಸವದಿತ್ತು. ನಾ ಬುತ್ತಿ ಒಯ್ದಾಗ ಅದನ್ನ ನೋಡೀನಿ. ನಂದನ್ನ ಅಲ್ಲಿ ಕಳಸೂದಿಲ್ಲ."

ನಸುಕಿನಲ್ಲಿ ಎದ್ದು ಅವಳು ರೊಟ್ಟಿ ಬಡಿಯುವಾಗ ಆ ನಾಯಿ ಮೆಟ್ಟಿಲು ಇಳಿದು ಬಂದು ಒಲೆಯ ಖೋಲಿಯ ಬಾಗಿಲಲ್ಲಿ ಮಲಗುತ್ತಿತ್ತಂತೆ. ಬಡಿತ ನಿಂತರೆ ಒಂದು ಕಣ್ಣು ತೆರೆದು ನೋಡುತ್ತಿತ್ತಂತೆ. ಗಂಡ ಇಲ್ಲದ ಮನೆಯಲ್ಲಿ ಅವಳ ಜೊತೆಗಿದ್ದ ಉಸಿರು ಅದೊಂದೇ.

ನಾನು ರೇಟು ಮಾತಾಡಿದೆ. ಅರ್ಧ ರೊಕ್ಕ, ಅರ್ಧ ರೊಟ್ಟಿ. ಅವಳಿಗೆ ಹೊರೆಯಾಗಲಿಲ್ಲ, ನನಗೆ ಮನೆಯಲ್ಲಿ ಬಡಿಯುವ ಕೆಲಸ ತಪ್ಪಿತು. ಬುಟ್ಟಿ ಇಲ್ಲದೆ, ಕೂಗು ಇಲ್ಲದೆ ಮೆಟ್ಟಿಲು ಹತ್ತಿದೆ. ನಾಯಿ ನನ್ನ ಸೀರೆಯ ನಿರಿಗೆ, ಬೂಟು, ಅಂಗೈ ಎಲ್ಲ ಮೂಸಿತು, ಬಾಲ ಆಡಿಸಿತು. ಹೆಣ್ಣುಮಗಳು ನಕ್ಕಳು. ನೀ ಭಾಂಡೆ ಅಕ್ಕ ಅಂತ ಅದಕ್ಕ ಗೊತ್ತೇ ಆಗಿಲ್ಲ ನೋಡು ಅಂದಳು. ಒಳ್ಳೇದೇ ಆಯಿತು ಅಂದುಕೊಂಡೆ ನಾನು.

ಮೊದಲು ನಾನು ಮಾಡಿದ್ದು, ಈ ಭಾಗದವರು ಯಾರಾದರೂ ಮಾಡುವಂಥದ್ದೇ. ಗುದ್ದಾಡುವ ಎತ್ತನ್ನು ನಾವು ನೇಗಿಲಿನ ಗಳೆಗೆ ಹೂಡುತ್ತೇವೆ, ದುಡಿದು ದಣಿದರೆ ತಣ್ಣಗಾಗುತ್ತದೆ ಅನ್ನುತ್ತೇವೆ. ನಾಯಿಗೂ ಅದೇ ಮದ್ದು ಅಂತ ತಿಳಿದು, ಬೆಳಕು ಹರಿಯುವ ಮೊದಲೇ ಮರಳಿ ಊರಿನ ಕಡೆಯ ಕಾಲುವೆ ದಂಡೆಗೆ ಕರೆದೊಯ್ದೆ. ಆಗ ಗದ್ದೆಗಳಿಗೆ ನೀರು ಬಿಟ್ಟಿರುತ್ತಾರೆ, ನಾಟಿ ಹಚ್ಚುವವರು ಇನ್ನೂ ಬಂದಿರುವುದಿಲ್ಲ. ಕೊಕ್ಕರೆಗಳು ಬದುವಿನ ಮೇಲೆ ಸಾಲಾಗಿ ನಿಂತಿರುತ್ತವೆ. ಉದ್ದ ಹಗ್ಗ ಬಿಟ್ಟರೆ ಆ ನಾಯಿ ಓಡುವುದನ್ನು ನೋಡಬೇಕು. ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಟ್ಟು, ಮತ್ತೆ ಮಡಚಿ, ಬಿಲ್ಲಿನಂತೆ. ಹುಟ್ಟಿದಾಗಿನಿಂದ ಮಾಳಿಗೆಯ ನಾಲ್ಕು ಗೋಡೆಯಷ್ಟೇ ಕಂಡ ಪ್ರಾಣಿ. ನನ್ನ ಬಾಯಿಗೆ ಬೈಗುಳವೂ ಬಂತು, ಕಣ್ಣಲ್ಲಿ ನೀರೂ ಬಂತು.

ಮನೆಗೆ ಬಂದಾಗ ದಣಿದು ಮಲಗುತ್ತಿತ್ತು. ಆದರೆ ಎದ್ದ ಕೂಡಲೇ ಮಾಳಿಗೆಗೆ ಹತ್ತಿ ಅದೇ ಕೂಗು. ದಿನ ಹೋದಂತೆ ಓಟ ಹೆಚ್ಚಿಸಿದೆ. ನಾಯಿ ಗಟ್ಟಿಯಾಯಿತು, ತೊಡೆ ತುಂಬಿತು, ದಣಿವು ಕಡಿಮೆಯಾಯಿತು. ಬೊಗಳುವುದಕ್ಕೆ ಮೊದಲಿಗಿಂತ ಜೋರು ಬಂತು. ದಣಿದು ಹಾಸಿಗೆ ಹಿಡಿದವಳು ನಾನು. ನಾನು ಪಗಾರ ತಗೊಂಡು ಅವಳ ನಾಯಿಯನ್ನು ಪೈಲ್ವಾನ ಮಾಡಿಕೊಡುತ್ತಿದ್ದೆ.

ಆಗ ಒಂದು ಮಧ್ಯಾಹ್ನ ಸುಮ್ಮನೆ ಮಾಳಿಗೆಯ ಮೇಲೆ, ತಗಡಿನ ನೆರಳಲ್ಲಿ, ನಾಯಿಯ ಪಕ್ಕ ಕುಳಿತೆ. ಸಂತೆಗೆ ಹೋದರೆ ಮೊದಲು ಒಂದು ಸುತ್ತು ಸುಮ್ಮನೆ ನೋಡಬೇಕು, ಆಮೇಲೆ ಬಾಯಿ ತೆರೆಯಬೇಕು. ಆ ಪದ್ಧತಿ ನಾನು ಇಲ್ಲಿ ಬಿಟ್ಟಿದ್ದೆ.

ಕೆಳಗೆ ಕಾಯಿಪಲ್ಲೆ ಗಾಡಿ ಬಂತು. ನಾಯಿ ಗೋಡೆಗೆ ಹಾರಿ ಬೊಗಳಿತು. ಗಾಡಿಯವನು ಹೋದ. ನಾಯಿ ಬಂದು ಕುಳಿತಿತು. ಸ್ಕೂಟಿ ಬಂತು, ಬೊಗಳಿತು, ಸ್ಕೂಟಿ ಹೋಯಿತು. ಗ್ಯಾಸ್ ಸಿಲಿಂಡರಿನ ಹುಡುಗ ಬಂದ, ಹೋದ. ಆಗ ನನಗೆ ಹೊಳೆಯಿತು. ಅವರೆಲ್ಲ ತಮ್ಮ ಕೆಲಸಕ್ಕೆ ಹೋಗುತ್ತಿದ್ದವರು, ಹೇಗಿದ್ದರೂ ಹೋಗುವವರೇ. ಆದರೆ ನಾಯಿಗೆ ಅದು ಗೊತ್ತಿಲ್ಲ. ತಾನು ಕೂಗಿದೆ, ಅವರು ಹೋದರು. ಹುಟ್ಟಿದಾಗಿನಿಂದ ಮಾಡಿದ ಒಂದು ವ್ಯಾಪಾರದಲ್ಲೂ ಅದು ಸೋತಿಲ್ಲ. ಯಾವ ವ್ಯಾಪಾರಿ ಗೆಲ್ಲುವ ಅಂಗಡಿ ಮುಚ್ಚುತ್ತಾನೆ ಹೇಳಿ. ನಾನೂ ಬುಟ್ಟಿ ಹೊತ್ತು ಬಂದಾಗಲೆಲ್ಲ ಅದರ ಕೂಗಿಗೆ ಮುಂದಿನ ಓಣಿಗೆ ಹೋದವಳೇ. ಅದರ ಖಾಯಂ ಗಿರಾಕಿ.

ಅಂದೇ ಅಂಗಡಿ ಮುಚ್ಚಿಸಿದೆ. ನನ್ನ ಮನೆಯಲ್ಲಿ ಮಾರಾಟವಾಗದೆ ಬಿದ್ದಿದ್ದ ಹಳೆ ಸೀರೆಗಳ ಗಂಟು ತಂದು, ಮಾಳಿಗೆಯ ಬೀದಿ ಕಡೆಯ ಅಂಚಿಗೆ ಕಂಬ ಕಟ್ಟಿ, ಸೀರೆಗಳನ್ನು ಎಳೆದು ಕಟ್ಟಿದೆವು. ಓಣಿ ಕಾಣದ ಹಾಗೆ. ಹಗಲು ಹೊತ್ತು ನಾಯಿ ಒಲೆಯ ಖೋಲಿಯ ಬಾಗಿಲಲ್ಲಿ, ಸಂಜೆ ಸೀರೆಯ ಗೋಡೆಯೊಳಗೆ. ಎದುರಿಗಿನ ಮನೆಯವರು, ಏನು ಮದುವಿ ಹಂದರ ಹಾಕೀರೇನು ಅಂತ ಕೇಳಿದರು. ನಾಯಿಗೆ ಕನ್ಯಾ ನೋಡಾಕ ಹತ್ತೀವಿ ಅಂದಳು ರೊಟ್ಟಿಯವಳು. ಅವಳು ಚೇಷ್ಟೆ ಮಾಡಿದ್ದು ನಾನು ಅದೇ ಮೊದಲು ನೋಡಿದ್ದು.

ಇನ್ನು ಬೀದಿಯ ಪಾಠ. ಓಟ ಕಡಿಮೆ ಮಾಡಿ, ಮೂಸುವುದಕ್ಕೆ ಬಿಟ್ಟು ನಿಧಾನ ನಡೆಸಿದೆ. ನಾಯಿ ಮೂಸುತ್ತ ಹೋದರೆ ಅದರ ತಲೆಗೆ ಕೆಲಸ, ಓಡಿದರೆ ಬರೀ ಕಾಲಿಗೆ. ಆಮೇಲೆ ಬಜಾರದ ಹತ್ತಿರ, ಆದರೆ ದೂರ, ಒಂದು ಮುಚ್ಚಿದ ಗೋದಾಮಿನ ಪಕ್ಕ ನಿಲ್ಲುತ್ತಿದ್ದೆ. ಜನ ಕಾಣಬೇಕು, ನಾಯಿ ಕಿವಿ ನೆಟ್ಟಗೆ ಮಾಡಬೇಕು, ಆದರೆ ಬಾಯಿ ತೆರೆಯಬಾರದು, ಅಷ್ಟು ದೂರ. ಅದು ಗಾಡಿಯನ್ನು ನೋಡಿ ಸುಮ್ಮನಿದ್ದ ಕ್ಷಣಕ್ಕೆ ಖಡಕ್ ರೊಟ್ಟಿಯ ಒಂದು ಚೂರು, ಒಮ್ಮೊಮ್ಮೆ ಬೇಯಿಸಿದ ತತ್ತಿಯ ಚೂರು. ಕೊಟ್ಟು, ಅದು ಇನ್ನೂ ಸಮಾಧಾನದಲ್ಲಿ ಇರುವಾಗಲೇ ತಿರುಗಿ ಹೊರಟುಬಿಡುತ್ತಿದ್ದೆ. ಗಿರಾಕಿ ಬೇಸರ ಮಾಡಿಕೊಳ್ಳುವ ಮೊದಲೇ ಬುಟ್ಟಿ ಎತ್ತುವ ಹಾಗೆ. ದೂರವನ್ನು ದಿನಕ್ಕೆ ಒಂದಿಷ್ಟು ಕಡಿಮೆ ಮಾಡಿದೆ. ಒಂದು ದಿನ ಹೆಚ್ಚು ಹತ್ತಿರ ಹೋದರೆ ಅದು ಬೊಗಳಿತು. ತಪ್ಪು ನಾಯಿಯದಲ್ಲ, ನಾನು ಅವಸರದ ರೇಟು ಹೇಳಿದ್ದು. ಮರುದಿನ ಮತ್ತೆ ಹಿಂದೆ ಸರಿದು ನಿಂತೆ.

ಶಿವರಾತ್ರಿ ಹೊತ್ತಿಗೆ ಗಾಡಿ, ಆಟೋ, ಸೈಕಲ್ಲು ಪಕ್ಕದಲ್ಲಿ ಹೋದರೆ ನಾಯಿ ಅದನ್ನು ನೋಡಿ, ಆಮೇಲೆ ನನ್ನ ಕೈ ನೋಡುತ್ತಿತ್ತು. ಅಷ್ಟರಲ್ಲಿ ಗಂಡ ಊರಿಗೆ ಬಂದ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ನೋಡೋಣ ಅಂತ ನಮ್ಮ ಹಿಂದೆ ಬಂದ. ಎಲ್ಲ ಛಲೋ ನಡೆದಿತ್ತು. ವಾಪಸು ಓಣಿಗೆ ಹೊಕ್ಕಾಗ ನನ್ನ ಹಳೆ ಗಿರಾಕಿಯೊಬ್ಬಳು ಬಾಗಿಲಿಗೆ ಬಂದು, ಭಾಂಡೆ ತರೂದ ಬಿಟ್ಟೆ ಏನವಾ, ನಿನ್ನ ದನಿ ಕೇಳಿ ಭಾಳ ದಿನ ಆತಲ್ಲ ಅಂದಳು. ನನಗೂ ಹುರುಪು ಬಂತು. ಚೇಷ್ಟೆಗೆ ಕೂಗಿಬಿಟ್ಟೆ.

"ಭಾಂಡೇ ಸಾಮಾನ... ಹಳೇ ಸೀರಿಗೆ ಭಾಂಡೇ..."

ನಾಯಿ ಗರಕ್ಕನೆ ತಿರುಗಿ ನನ್ನ ಮೇಲೆಯೇ ಹಾರಿತು. ಕಚ್ಚಲಿಲ್ಲ. ಎದೆಗೆ ಕಾಲು ಕೊಟ್ಟು, ಮುಖದ ಎದುರು ಬೊಗಳಿ, ತಾನೇ ಗಾಬರಿಯಾಗಿ ಹಿಂದೆ ಸರಿಯಿತು. ಪರಿಚಯದ ಕೈ, ಪರಿಚಯದ ವಾಸನೆ, ಆದರೆ ಒಳಗಿಂದ ಬಂದದ್ದು ಬೇರೆಯವಳ ದನಿ. ನಾನು ಗೋಡೆಗೆ ಬಡಿದು ಕುಳಿತೆ. ಆ ಗಿರಾಕಿ ಬಾಗಿಲು ಹಾಕಿಕೊಂಡಳು.

ಮನೆಗೆ ಬಂದ ಮೇಲೆ ಗಂಡ ನೀರು ತಂದುಕೊಟ್ಟ. ಕೈ ತರಚಿದೆಯೇನು ನೋಡಿದ. ಆಮೇಲೆ ಅಣ್ಣನಿಗೆ ಫೋನ್ ಹಚ್ಚಿ, ಯುಗಾದಿ ದಿನ ಸಾಮಾನು ಸಾಗಿಸಲು ನಿನ್ನ ಟಂಟಂ ಗಾಡಿ ತಗೊಂಡು ಬಾ, ವಾಪಸು ಹೋಗುವಾಗ ನಾಯಿ ಒಯ್ಯಿ ಅಂದ. ಹೆಂಡತಿ ಒಲೆಯ ಮುಂದೆ ಹಿಟ್ಟು ನಾದುತ್ತಿದ್ದಳು. ತಿರುಗಿ ನೋಡಲಿಲ್ಲ, ನಾದುವ ಕೈ ಮಾತ್ರ ನಿಂತಿತು.

"ಅಕ್ಕಾರ, ನಿಮ್ಮ ಮ್ಯಾಲೆ ಸಿಟ್ಟಿಲ್ಲ," ಅಂದ ಅವನು. "ಅನ್ನ ಹಾಕೋ ಕೈ ಮ್ಯಾಲೆ ಹಾರಿತು. ನಾಳೆ ಸಣ್ಣ ಕೂಸಿನ ಮ್ಯಾಲೆ ಹಾರಿದ್ರ ನಾ ಎಲ್ಲೋ ಲಾರಿ ಮ್ಯಾಲೆ ಇರ್ತೀನಿ, ಈಕಿ ಒಬ್ಬಾಕಿ ಇರ್ತಾಳ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅಂಥ ಹೊತ್ತಿನಲ್ಲಿ ವಾದ ಮಾಡಬಾರದು, ವಾಯಿದೆ ಕೇಳಬೇಕು.

"ತಮ್ಮಾ, ಟಂಟಂ ಬರ್ಲಿ," ಅಂದೆ. "ಅದಕ್ಕ ಬ್ಯಾಡ ಅನ್ನೂದಿಲ್ಲ. ಆವತ್ತು ಈ ಮನಿಯಿಂದ ಹೊಸ ಮನಿತನಕ ನಾಯಿನ ನಾನ ನಡಸಿಕೊಂಡು ಬರ್ತೀನಿ, ಬಜಾರದಾಗಿಂದ. ನೀವು ಹಿಂದ ಬರ್ರಿ. ದಾರ್ಯಾಗ ಒಬ್ಬರ ಮ್ಯಾಲೆ ಹಾರಿದ್ರೂ ಟಂಟಂ ಹತ್ತಸ್ರಿ, ನಾನ ಹಗ್ಗ ಕಟ್ತೀನಿ. ಹಾರಲಿಲ್ಲಂದ್ರ ಅದು ಇಲ್ಲೇ."

"ಎಲ್ಲಾದಕ್ಕೂ ವ್ಯಾಪಾರ ಮಾಡ್ತೀರಲ್ರಿ."

"ನನಗ ಬ್ಯಾರೆ ಏನು ಬರ್ತೈತಿ?"

ಅವನು ಹೆಂಡತಿಯ ಬೆನ್ನು ನೋಡಿದ. ಆಮೇಲೆ ಹೂಂ ಅಂದ. ಒಳಗೆ ಮತ್ತೆ ನಾದುವ ಸಪ್ಪಳ ಶುರುವಾಯಿತು.

ಅಂದು ಮನೆಗೆ ಹೋಗುವಾಗ ನನಗೆ ಸ್ಪಷ್ಟವಾಯಿತು. ನಾನು ಗಾಡಿ ಕಲಿಸಿದ್ದೆ, ಸ್ಕೂಟಿ ಕಲಿಸಿದ್ದೆ. ಆದರೆ ಆ ನಾಯಿ ಎಲ್ಲಕ್ಕಿಂತ ಹೆಚ್ಚು ಬೊಗಳಿದ್ದು ಯಾರಿಗೆ? ತಲೆಯ ಮೇಲೆ ಹೊರೆ ಹೊತ್ತು ಕೂಗುತ್ತ ಬರುವವರಿಗೆ. ಮಾಳಿಗೆಯಿಂದ ನೋಡಿದರೆ ನಮಗೆ ಮುಖವೇ ಇರುವುದಿಲ್ಲ. ಒಂದು ಬುಟ್ಟಿ ತಾನಾಗಿ ನಡೆದು ಬರುತ್ತದೆ, ಅದರ ಕೆಳಗಿಂದ ಒಂದು ದನಿ ಬರುತ್ತದೆ. ಮತ್ತೆ ಮನೆ ಬದಲಿಸುವ ದಿನ ತಲೆಯ ಮೇಲೆ ಹೊರೆ ಇಲ್ಲದವರು ಯಾರು? ನಾನು ಬುಟ್ಟಿ ಮನೆಯಲ್ಲಿಟ್ಟು ಬಂದದ್ದೇ ಒಳ್ಳೇದಾಯಿತು ಅಂದುಕೊಂಡಿದ್ದೆನಲ್ಲ, ಅಲ್ಲೇ ಲೆಕ್ಕ ತಪ್ಪಿತ್ತು.

ಮರುದಿನ ಅಟ್ಟದ ಮೇಲಿಂದ ಬುಟ್ಟಿ ಇಳಿಸಿ, ಧೂಳು ಜಾಡಿಸಿ, ಖಾಲಿ ಬುಟ್ಟಿಯನ್ನು ತಂದು ಸೀರೆಯ ಗೋಡೆಯೊಳಗೆ ನೆಲದ ಮೇಲಿಟ್ಟೆ. ನಾಯಿ ದೂರದಿಂದ ಗುರುಗುಟ್ಟಿತು. ಬುಟ್ಟಿಯೊಳಗೆ ರೊಟ್ಟಿಯ ಚೂರು ಹಾಕಿ ನಾನು ಬೇರೆ ಕಡೆ ಮುಖ ಮಾಡಿ ಕುಳಿತೆ. ಸಂಜೆಯ ಹೊತ್ತಿಗೆ ಅದರ ತಲೆ ಬುಟ್ಟಿಯೊಳಗೆ ಇತ್ತು. ಆಮೇಲಿನ ದಿನಗಳಲ್ಲಿ ಬುಟ್ಟಿ ನನ್ನ ತೊಡೆಯ ಮೇಲೆ, ಸೊಂಟದ ಮೇಲೆ, ಕೊನೆಗೆ ತಲೆಯ ಮೇಲೆ. ಪ್ರತಿ ಸಲವೂ ಬುಟ್ಟಿಯಿಂದಲೇ ಚೂರು ಇಳಿಯುತ್ತಿತ್ತು. ಕೂಗನ್ನು ಮೊದಲು ಗುಟ್ಟು ಹೇಳುವಷ್ಟು ಮೆಲ್ಲಗೆ ಕೂಗಿದೆ. ಭಾಂಡೇ ಅಂದರೆ ಚೂರು. ಆಮೇಲೆ ಮೆಟ್ಟಿಲ ಕೆಳಗಿನಿಂದ, ಆಮೇಲೆ ಓಣಿಯ ತುದಿಯಿಂದ, ರೊಟ್ಟಿಯವಳು ಹಗ್ಗ ಹಿಡಿದು ಮನೆಯ ಮುಂದೆ ನಿಂತಾಗ. ಹಗ್ಗ ಹಿಡಿಯಲು ಅವಳಿಗೂ ಕಲಿಸಲೇಬೇಕಿತ್ತು. ನಾನು ದಿನಕ್ಕೊಂದು ತಾಸು ಬರುವವಳು, ಉಳಿದ ಹೊತ್ತು ಅವಳದೇ. ಮೊದಲು ಅವಳು ನಾಯಿಗಿಂತ ಹೆಚ್ಚು ಹೆದರಿ ಹಗ್ಗವನ್ನು ಬಿಗಿ ಹಿಡಿಯುತ್ತಿದ್ದಳು. ಹಿಟ್ಟು ನಾದೂವಾಗ ಹೆಂಗ ಭುಜ ಸಡಿಲ ಬಿಡ್ತಿ ಹಂಗ ಬಿಡು ಅಂದ ಮೇಲೆ ಸರಿಹೋಯಿತು.

ಭಾಂಡೆ ಮಾರೂದ ಬಿಟ್ಟು ನಾಯಿಗೆ ಮಾರಾಕ ಹತ್ತಿ ಏನವಾ ಅಂತ ಓಣಿಯವರು ನಕ್ಕರು. ಇದರಂಥ ಗಿರಾಕಿ ನೀವೂ ಆಗಲಿಲ್ಲ ಅಂದೆ.

ಯುಗಾದಿ ಬಂತು. ಬಿಸಿಲು ಏರುವ ಮೊದಲೇ ಹೊರಡಬೇಕು ಅಂತ ನಾನೇ ಹಟ ಹಿಡಿದಿದ್ದೆ. ರೊಟ್ಟಿಯವಳು ತುಂಬಿದ ಕೊಡ ಸೊಂಟದ ಮೇಲಿಟ್ಟು ಎಲ್ಲರಿಗಿಂತ ಮುಂದೆ, ಅವಳ ಹಿಂದೆ ದೇವರ ಫೋಟೋ, ಜೋಳದ ಬುಟ್ಟಿ ಹೊತ್ತ ಓಣಿಯ ಹೆಣ್ಣುಮಕ್ಕಳು. ಸಾಮಾನು ಹೇರಿದ ಟಂಟಂ ಇನ್ನೊಂದು ದಾರಿಯಿಂದ ಹೋಯಿತು. ನಾನು ತಲೆಯ ಮೇಲೆ ನನ್ನ ಬುಟ್ಟಿ ಇಟ್ಟುಕೊಂಡು, ನಾಯಿಯ ಹಗ್ಗ ಹಿಡಿದು, ಸಾಲಿನಿಂದ ಸ್ವಲ್ಪ ಬಿಟ್ಟು ನಡೆದೆ. ಹಿಂದೆ ಗಂಡ.

ಬಜಾರದಲ್ಲಿ ಬೇವು ಮಾರುವವರು, ಹೂವಿನವರು, ಹಬ್ಬದ ಗದ್ದಲ. ನಾಯಿ ಬಾಯಿ ತೆರೆದು ಏದುತ್ತಿತ್ತು, ಆದರೆ ಹಗ್ಗ ಸಡಿಲ ಇತ್ತು. ಹೂವಿನ ಬುಟ್ಟಿ ಹೊತ್ತವಳೊಬ್ಬಳು ಎದುರು ಬಂದು, ಮಾರು ಮಲ್ಲಿಗಿ ಅಂತ ನಮ್ಮ ಪಕ್ಕದಲ್ಲೇ ಕೂಗಿದಳು. ನಾಯಿ ನಿಂತಿತು. ಬುಟ್ಟಿ ನೋಡಿತು. ಆಮೇಲೆ ಕತ್ತು ಎತ್ತಿ ನನ್ನ ಬುಟ್ಟಿ ನೋಡಿತು, ಚೂರು ಎಲ್ಲಿ ಅನ್ನುವ ಹಾಗೆ. ಕೊಟ್ಟೆ.

ಕಷ್ಟ ಬಂದದ್ದು ನಾನು ಎಣಿಸದ ಕಡೆಯಿಂದ. ಹೊಸ ಓಣಿಗೆ ತಿರುಗುವ ಮೂಲೆಯಲ್ಲಿ, ಮೇಲಿನ ಮಾಳಿಗೆಯಿಂದ ಇನ್ನೊಂದು ನಾಯಿ ನಮ್ಮ ಮೇಲೆ ಕೂಗತೊಡಗಿತು. ಗೋಡೆಗೆ ಮುಂಗಾಲು ಕೊಟ್ಟು, ಥೇಟ್ ಇದೇ ನಾಯಿ ಕೂಗುತ್ತಿದ್ದ ಹಾಗೆ. ನಮ್ಮದರ ಬೆನ್ನ ಕೂದಲು ಎದ್ದಿತು, ಗಂಟಲಲ್ಲಿ ಸಪ್ಪಳ ಹುಟ್ಟಿತು. ಹಿಂದೆ ಗಂಡನ ಹೆಜ್ಜೆ ನಿಂತದ್ದು ನನಗೆ ಕೇಳಿಸಿತು. ಮುಂದೆ ರೊಟ್ಟಿಯವಳು ಕೊಡ ಹೊತ್ತವಳು, ಮಂಗಳ ಕೊಡ ಹಿಂದೆ ತಿರುಗಬಾರದು ಅಂತಾರೆ, ತಿರುಗಲಿಲ್ಲ. ಆದರೆ ಮುಂದೆಯೂ ಹೋಗದೆ ನಿಂತುಬಿಟ್ಟಳು.

ನಾನು ಜಗ್ಗಲಿಲ್ಲ. ಬುಟ್ಟಿ ಎತ್ತಿ ಹೊರಡುವ ಕಾಲ ಅದು. ಮೆಲ್ಲಗೆ, ಗುಟ್ಟು ಹೇಳುವಷ್ಟು ಮೆಲ್ಲಗೆ, ಭಾಂಡೇ ಅಂದೆ, ಬಂದ ದಾರಿಗೆ ತಿರುಗಿ ನಾಲ್ಕು ಹೆಜ್ಜೆ ಹೋದೆ. ಹಗ್ಗ ಒಂದು ಕ್ಷಣ ಬಿಗಿಯಾಯಿತು. ಆಮೇಲೆ ಸಡಿಲಾಯಿತು. ನನ್ನ ಮೊಣಕಾಲಿಗೆ ಅದರ ಮೂಗು ತಾಗಿತು. ಅಲ್ಲೇ ನಿಂತು ಮೂರ್ನಾಲ್ಕು ಚೂರು ನೆಲಕ್ಕೆ ಹಾಕಿದೆ, ಮೂಸಿ ಹುಡುಕಿ ತಿಂದಿತು. ಮೇಲಿನ ನಾಯಿ ಕೂಗಿ ಕೂಗಿ ಬೇಸತ್ತು ಒಳಗೆ ಹೋಯಿತು. ಆಮೇಲೆ ರಸ್ತೆಯ ಆಚೆ ಬದಿ ಹಿಡಿದು ಮೂಲೆ ದಾಟಿದೆವು. ಮುಂದೆ ಕೊಡವೂ ನಡೆಯಿತು.

ಹೊಸ ಮನೆಯಲ್ಲಿ ಹಾಲು ಉಕ್ಕಿತು. ಟಂಟಂ ಖಾಲಿಯಾಗಿ ಬಾಗಿಲಲ್ಲಿ ನಿಂತಿತ್ತು. ಹುಲಿಹೈದರದ ಅಣ್ಣ ಸರಪಳಿ ಹಿಡಿದುಕೊಂಡು ಬಂದು, ನಾಯಿ ಎಲ್ಲಿ ಅಂದ. ಗಂಡ ನಾಯಿಯನ್ನು ನೋಡಿದ. ಅದು ಹೊಸ ಒಲೆಯ ಮುಂದೆ ಜಾಗ ಹಿಡಿದು ಮಲಗಿಯಾಗಿತ್ತು.

"ನಾಯಿ ಇಲ್ಲೇ ಇರ್ಲಿ ಅಣ್ಣಾ," ಅಂದ. "ಆ ಮಾಳಿಗಿ ತಗಡು ಒಯ್ಯಿ. ನಿನ್ನ ಮೋಟಾರ್ ಖೋಲಿ ಸೋರ್ತೈತಿ ಅಂತಿದ್ದೆಲ್ಲ."

ಟಂಟಂ ತಗಡು ಹೇರಿಕೊಂಡು ಹೋಯಿತು. ರೊಟ್ಟಿಯವಳು ನನಗೆ ಬೇವು ಬೆಲ್ಲ ಕೊಟ್ಟಳು, ಬೆಲ್ಲ ಸ್ವಲ್ಪ ಹೆಚ್ಚೇ ಇತ್ತು.

ಆ ನಾಯಿ ಈಗ ಸಾಧು ಆಗಿದೆ ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳುವವರನ್ನು ನಂಬಬೇಡಿ. ಹಲಗೆ ವಾದ್ಯ ಬಾರಿಸುವ ಸಪ್ಪಳಕ್ಕೆ ಇಂದಿಗೂ ಕೂಗುತ್ತದೆ, ಅಪರಿಚಿತರು ತಲೆ ಸವರಿದರೆ ಸರಿದು ನಿಲ್ಲುತ್ತದೆ. ಬಾಗಿಲಿಗೆ ಅಡ್ಡ ಒಂದು ಮರದ ಹಲಗೆ ಹಾಕಿಸಿದ್ದೇನೆ. ರೊಟ್ಟಿಗೆ ಬಂದವರು ಹಲಗೆಯ ಆಚೆ, ನಾಯಿ ಈಚೆ. ಎರಡೂ ಕಡೆಗೆ ಅದರಲ್ಲಿ ಸಮಾಧಾನ.

ನಿಮ್ಮ ಮನೆಯಲ್ಲೂ ಇಂಥ ನಾಯಿ ಇದ್ದರೆ, ದುಡ್ಡಿಲ್ಲದೆ ಹೇಳುತ್ತಿದ್ದೇನೆ, ಕೇಳಿಕೊಳ್ಳಿ. ಮೊದಲು ದನದ ದವಾಖಾನೆಗೆ ಒಯ್ದು ಹುಚ್ಚುನಾಯಿ ರೋಗದ ಸೂಜಿ ಹಾಕಿಸಿ, ಆಮೇಲೆ ಉಳಿದ ಮಾತು. ಎದೆಪಟ್ಟಿ ತಗೊಳ್ಳಿ. ಬೈಕಿಗೆ ಕಟ್ಟಿ ಓಡಿಸಬೇಡಿ. ನಮ್ಮ ಕಾಲುವೆ ದಂಡೆಯ ಮೇಲೆ ಅದನ್ನು ದಿನಾ ನೋಡುತ್ತೇನೆ, ನಾಯಿ ಪೈಲ್ವಾನ ಆಗುತ್ತದೆ, ಸಿಟ್ಟು ಹಾಗೇ ಇರುತ್ತದೆ. ಡಾಂಬರಿನ ಮೇಲೆ ಅಂಗೈಯ ಹಿಂಬದಿ ಇಟ್ಟು ನೋಡಿ. ನಿಮಗೆ ತಡೆಯದಿದ್ದರೆ ಅದರ ಪಾದಕ್ಕೂ ತಡೆಯುವುದಿಲ್ಲ, ಬೇಸಿಗೆಯಲ್ಲಿ ಹೊತ್ತು ಏರಿದ ಮೇಲೆ ಹೊರಗೆ ತರಲೇಬೇಡಿ. ಮಾಳಿಗೆಯ ಮೇಲೆ ಬಿಡಲೇಬೇಕಾದರೆ ಬೀದಿ ಕಾಣದ ಹಾಗೆ ಏನಾದರೂ ಕಟ್ಟಿ, ಹಳೆ ಸೀರೆ ಸಾಕು. ಯಾರನ್ನಾದರೂ ಕೆಲಸಕ್ಕೆ ಇಟ್ಟುಕೊಂಡರೆ ನಿಮ್ಮ ನಾಯಿ ಯಾರ ಮೇಲೆ ಹಾರಿದೆ, ಯಾವಾಗ ಹಾರಿದೆ, ಮೊದಲೇ ಹೇಳಿ. ನಾಚಿಕೆಯಿಂದ ಮುಚ್ಚಿಟ್ಟರೆ ಪೆಟ್ಟು ತಿನ್ನುವವರು ಅವರು. ಅವರು ಹೋದ ಮೇಲೆ ಹಗ್ಗವನ್ನು ನೀವೂ ಹಿಡಿದು ಕಲಿಯಿರಿ. ಪಗಾರದ ಮಾತು ಮೊದಲ ದಿನವೇ ಮುಗಿಸಿ, ಚೌಕಾಸಿ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ನಾಯಿಯ ಜೊತೆ ಚೌಕಾಸಿ ಮಾಡುವಾಗ ಮಾತ್ರ, ಅದು ಬಾಯಿ ತೆರೆಯುವ ಮೊದಲೇ ನೀವು ತಿರುಗಿ ನಾಲ್ಕು ಹೆಜ್ಜೆ ನಡೆಯಿರಿ.